ಪಟ್ಟಿಯಲ್ಲಿಲ್ಲದ ಊರು

ಶಿವಮೊಗ್ಗದ ಒಂದು ಶಾಲೆ. ಹೆಸರು ಬೇಡ. ಹೆಸರು ಹೇಳಿದರೆ ಆ ಒಂದು ಶಾಲೆಯದೇ ತಪ್ಪು ಎಂದಾಗಿಬಿಡುತ್ತದೆ. ಇದು ನಾಡಿನ ಎಲ್ಲ ಶಾಲೆಗಳ ಕತೆ. ಆ ಶಾಲೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. 'ಒಂದು ದಿನದ ಶೈಕ್ಷಣಿಕ ಪ್ರವಾಸ. ಐತಿಹಾಸಿಕ ಸ್ಥಳಗಳ ದರ್ಶನ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಪಟ್ಟಿ: ಬಳ್ಳಿಗಾವಿ, ತಾಳಗುಂದ, ಕೆಳದಿ, ಇಕ್ಕೇರಿ. ಅದರ ಕೆಳಗೆ ತಲೆಗೆ ಒಂಬೈನೂರು ರೂಪಾಯಿ.

ಏಳನೇ ಕ್ಲಾಸಿನ ಒಬ್ಬ ಹುಡುಗಿ ಆ ಚೀಟಿ ಓದಿದಳು. ಅಪ್ಪ ಹಮಾಲಿ. ಅವ್ವ ನಾಲ್ಕು ಮನೆ ಪಾತ್ರೆ ತೊಳೆಯುವವಳು. ಒಂಬೈನೂರು ಎಲ್ಲಿಂದ ತರುವುದು? ಬಸ್ಸು ಹೊರಟ ದಿನ ಅವಳು ಮನೆಯಲ್ಲಿ ತಮ್ಮನನ್ನು ನೋಡಿಕೊಂಡು ಕೂತಳು. ಮುಂದಿನ ಭಾನುವಾರ ನಮ್ಮ ಕೇರಿಯ ಓದಿನ ಮನೆಗೆ ಬಂದವಳು ಅಳಲಿಲ್ಲ, ದೂರು ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಸಾರ್, ನಮ್ಮಪ್ಪನ ಊರು ಭದ್ರಾವತಿ. ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿ. ಅದ್ಯಾಕೆ ಆ ಪಟ್ಟೀಲಿಲ್ಲ? ಅಲ್ಲಿ ಚರಿತ್ರೆ ಇಲ್ವಾ?"

ನಮ್ಮಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು, ಒಬ್ಬ ಎಂ.ಎ. ಓದಿದವನಿದ್ದ, ಇಪ್ಪತ್ತು ವರ್ಷ ಸಂಘಟನೆಯಲ್ಲಿ ಓಡಾಡಿದವರಿದ್ದರು. ಯಾರ ಬಾಯಲ್ಲೂ ಮಾತು ಬರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಮರುವಾರ ಹನ್ನೆರಡು ಮಕ್ಕಳನ್ನೂ ಅವರ ಪೈಕಿ ಕೆಲವರ ಅವ್ವಂದಿರನ್ನೂ ಕರೆದುಕೊಂಡು ನಾವೇ ಒಂದು ಪ್ರವಾಸ ಹೊರಟೆವು. ಬಾಡಿಗೆ ಬಸ್ಸಿಲ್ಲ, ಬ್ಯಾನರಿಲ್ಲ. ಬುತ್ತಿ ಕಟ್ಟಿಕೊಂಡು ಶಿವಮೊಗ್ಗ ಬಸ್‌ಸ್ಟ್ಯಾಂಡಿನಿಂದ ಭದ್ರಾವತಿಗೆ.

ಹೊರಡುವ ಮುಂಚೆ ಒಂದು ಮಾತು ಸ್ಪಷ್ಟವಾಗಲಿ. ನಾವು ಬಳ್ಳಿಗಾವಿಗೆ ವಿರೋಧಿಗಳಲ್ಲ. ಬಳ್ಳಿಗಾವಿ ನಮ್ಮದೂ ಹೌದು. ಅಲ್ಲಮನ ಊರು ಅದು. ಪಕ್ಕದಲ್ಲೇ ಅಕ್ಕನ ಉಡುತಡಿ. ಅಲ್ಲಿ 1065ರಲ್ಲಿ ಬೌದ್ಧ ವಿಹಾರ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ತಾರಾ ಭಗವತಿಯ ಪೂಜೆಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಬುದ್ಧನ ಹೆಸರು ಹೇಳಿದರೆ ಇವರೆಲ್ಲಿಂದಲೋ ಹೊಸದಾಗಿ ತಂದರು ಎಂದು ಮೂಗು ಮುರಿಯುವವರು ಆ ಕಲ್ಲನ್ನೊಮ್ಮೆ ಓದಲಿ. ಅಲ್ಲಿಯ ಕೋಡಿಯ ಮಠದ 1162ರ ಶಾಸನ, ಕಳಚುರಿ ಬಿಜ್ಜಳನ ಕಾಲದ್ದು, ಇನ್ನೂ ದೊಡ್ಡ ಮಾತು ಹೇಳುತ್ತದೆ: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಇಕ್ಕುವ ಜಾಗ ಇದು, ರೋಗಿಗಳಿಗೆ ಮದ್ದು ಕೊಡುವ ಜಾಗ ಇದು ಎಂದು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ!

ಮೇಷ್ಟ್ರೇ, ನಿಮ್ಮನ್ನು ಕೇಳುತ್ತೇವೆ. ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ದಿರಲ್ಲ, ಆ ಶಾಸನದ ಈ ಮಾತು ಹೇಳಿದಿರಾ? ಅಥವಾ ಗಂಡಭೇರುಂಡದ ಕಂಬದ ಮುಂದೆ ಗ್ರೂಪ್ ಫೋಟೋ ಹೊಡೆಸಿ, ಯಾವ ರಾಜ ಯಾವಾಗ ಕಟ್ಟಿಸಿದ ಎಂದು ಬರೆಸಿ ವಾಪಸು ತಂದಿರಾ? ಬಳ್ಳಿಗಾವಿಗೆ ಹೋಗಿಯೂ ಬಳ್ಳಿಗಾವಿ ಕಾಣಿಸದೇ ಇರಬಹುದು. ತಾಳಗುಂದದ ಕಂಬದಲ್ಲಿ ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋದ ಕತೆ ಇದೆ. ಚೆನ್ನಾಗಿದೆ. ಅವನು ಓದಲು ಹೋದ ಕಾಲದಲ್ಲಿ ನಮ್ಮ ಹುಡುಗಿಯ ಮೂಲಪುರುಷರು ಎಲ್ಲಿದ್ದರು ಎಂದು ಒಬ್ಬ ಮೇಷ್ಟ್ರಾದರೂ ಕೇಳಿದ್ದುಂಟೇ? ಪ್ರಶ್ನೆ ಪಟ್ಟಿಯಲ್ಲಿ ಯಾವ ಊರಿದೆ ಎಂಬುದಷ್ಟೇ ಅಲ್ಲ. ಯಾರ ಕಣ್ಣಿನಿಂದ ನೋಡುತ್ತೀರಿ ಎಂಬುದು.

ಇದು ನಮ್ಮೂರಿನ ರೋಗ ಮಾತ್ರವೂ ಅಲ್ಲ. ದೂರದ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಆಂಟಿಗುವಾ ಎಂಬ ಹಳೆಯ ಊರಿದೆ. ಸ್ಪೇನಿನವರು 1543ರಲ್ಲಿ ಕಟ್ಟಿದ ರಾಜಧಾನಿ. 1773ರ ಭೂಕಂಪದಲ್ಲಿ ಕುಸಿಯಿತು, ರಾಜಧಾನಿ ಬೇರೆ ಕಡೆ ಹೋಯಿತು. 1979ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣ ಎಂದಿತು. ಈಗ ಜನ ಬಸ್ಸಿನಲ್ಲಿ ಬೆಳಿಗ್ಗೆ ಬಂದು, ಮುರಿದ ಚರ್ಚುಗಳನ್ನು ನೋಡಿ ಸಂಜೆ ಹೋಗುತ್ತಾರೆ. ಆ ಚರ್ಚುಗಳಿಗೆ ಕಲ್ಲು ಹೊತ್ತವರು ಮಾಯಾ ಜನ, ಆ ನೆಲದ ಮಕ್ಕಳು. ಅವರ ಮೊಮ್ಮಕ್ಕಳು ಇವತ್ತು ಅದೇ ಬೀದಿಯಲ್ಲಿ ತಾವು ನೇಯ್ದ ಬಟ್ಟೆ ಹರವಿಕೊಂಡು ಕೂತಿರುತ್ತಾರೆ. ಪ್ರವಾಸಿಗೆ ಗೋಡೆ ಚರಿತ್ರೆ. ಗೋಡೆ ಕಟ್ಟಿದವನ ಮೊಮ್ಮಗಳು ಬೀದಿ ವ್ಯಾಪಾರದವಳು. 2023ರಲ್ಲಿ ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳೂ ಅದೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂತೋಷ. ಆದರೆ ಆ ಊರುಗಳ ಕೇರಿ ಯಾವ ಪಟ್ಟಿ ಸೇರಿತು?

*

ಬಸ್‌ಸ್ಟ್ಯಾಂಡಿಗೆ ಬರೋಣ.

ಪ್ರೈವೇಟ್ ಬಸ್ಸುಗಳು ಒಂದರ ಹಿಂದೆ ಒಂದು 'ಭದ್ರಾವತಿ, ಭದ್ರಾವತಿ' ಎಂದು ಕೂಗುತ್ತಿದ್ದವು. ನಾವು ಸರ್ಕಾರಿ ಬಸ್ಸಿಗೇ ಕಾದೆವು. ಯಾಕೆ ಎಂದರೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ದುಡ್ಡು ಕೊಡುವ ಹಾಗಿಲ್ಲ. ಬಸ್ಸು ಬಂತು. ಅವ್ವಂದಿರು ಆಧಾರ್ ಕಾರ್ಡು ಹಿಡಿದು ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ, ಇಸ್ತ್ರಿ ಅಂಗಿಯ ಒಬ್ಬ ಮಹಾಶಯ ಪಕ್ಕದವನಿಗೆ ಹೇಳಿದ, ನಮಗೆ ಕೇಳಿಸಲಿ ಅಂತಲೇ: "ಬಿಟ್ಟಿ ಅಂದ್ರೆ ನೋಡಿ, ಕೆಲಸ ಬಿಟ್ಟು ಊರೂರು ಸುತ್ತೋಕೆ ಹೊರಡ್ತವೆ."

ಬಿಟ್ಟಿ! ಈ ಪದ ಬಾಯಿಗೆ ತರುವ ಮೊದಲು ನಾಲಿಗೆ ತೊಳೆದುಕೊಳ್ಳಬೇಕು. ಬಿಟ್ಟಿ ಎಂದರೇನೆಂದು ಈ ನಾಡಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮಗೆ. ಸತ್ತ ದನ ಹೊತ್ತದ್ದು ಬಿಟ್ಟಿ. ಊರಿಗೆ ಸಾರು ಹಾಕಿದ್ದು ಬಿಟ್ಟಿ. ಜಾತ್ರೆಗೆ ತಮಟೆ ಬಡಿದದ್ದು ಬಿಟ್ಟಿ. ಒಡೆಯರ ಮನೆಯ ಸಾವಿಗೆ ನೆಂಟರ ಊರಿಗೆಲ್ಲ ಕಾಲ್ನಡಿಗೆಯಲ್ಲಿ ಓಡಿ ಸುದ್ದಿ ಮುಟ್ಟಿಸಿದ್ದು ಬಿಟ್ಟಿ. ನೂರಾರು ವರ್ಷ ನಮ್ಮ ಹೆಂಗಸರು ಈ ನಾಡಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಬಿಟ್ಟಿಗೆ ಲೆಕ್ಕ ಹಾಕಿದರೆ, ಈ ಮಹಾಶಯನ ಮನೆ, ಗದ್ದೆ, ಅಂಗಿಯ ಇಸ್ತ್ರಿ ಎಲ್ಲ ಮಾರಿದರೂ ಬಡ್ಡಿ ತೀರುವುದಿಲ್ಲ. ಒಂದು ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡಿದ್ದು ಅವನ ಕಣ್ಣಿಗೆ ಬಿಟ್ಟಿಯಾಗಿ ಕಂಡಿತು.

ನಮ್ಮ ಹುಡುಗಿಯ ಅವ್ವ ತಿರುಗಿ ನೋಡಿ ತಣ್ಣಗೆ ಹೇಳಿದಳು: "ಹೌದಣ್ಣ, ಸುತ್ತೋಕೇ ಹೊರಟಿದೀವಿ. ಇಷ್ಟು ದಿನ ನೀವು ಸುತ್ತುತಿದ್ರಿ, ನಾವು ಪಾತ್ರೆ ತೊಳೀತಿದ್ವಿ."

ಬಸ್ಸು ನಕ್ಕಿತು. ಮಹಾಶಯ ಮೊಬೈಲು ತೆಗೆದ.

ಒಂದು ಮಾತು ಸೇರಿಸಬೇಕು. ಈ ಸೌಲಭ್ಯವೂ ಎಲ್ಲರಿಗೆ ಸಿಕ್ಕಿಲ್ಲ. ಮಲೆನಾಡಿನ ಬಹಳ ಹಳ್ಳಿಗಳಿಗೆ ಓಡುವುದು ಪ್ರೈವೇಟ್ ಬಸ್ಸೇ. ಅಲ್ಲಿ ಹೆಣ್ಣು ಆಳು ಇವತ್ತಿಗೂ ಟಿಕೆಟ್ಟಿಗೆ ದುಡ್ಡು ಕೊಟ್ಟೇ ಹೋಗುತ್ತಾಳೆ. ಸರ್ಕಾರದ ಬಸ್ಸು ಹೋಗದ ಹಳ್ಳಿಗೆ ಸರ್ಕಾರದ ಯೋಜನೆಯೂ ಹೋಗುವುದಿಲ್ಲ. ಇದನ್ನು ಹೊಗಳುವವರೂ ಹೇಳುವುದಿಲ್ಲ, ಬೈಯುವವರೂ ಹೇಳುವುದಿಲ್ಲ.

*

ಬಸ್ಸು ಹತ್ತುವ ಮುಂಚೆ, ಬೆಳಿಗ್ಗೆ, ಶಿವಮೊಗ್ಗದಲ್ಲೇ ಒಂದು ಜಾಗ ನೋಡಿದ್ದೆವು. ತುಂಗೆಯ ದಂಡೆಯ ಶಿವಪ್ಪನಾಯಕನ ಅರಮನೆ, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಭೂಮಿಯನ್ನು ದರ್ಜೆ ಮಾಡಿ, ಬೆಳೆ ನೋಡಿ ಕಂದಾಯ ಕಟ್ಟಿದ; ಅದಕ್ಕೆ ಶಿಸ್ತು ಎಂದು ಹೆಸರು. ಮಕ್ಕಳಿಗೆ ಶಿಸ್ತಿನ ವಿಷಯ ಹೇಳಿದೆವು. ಒಬ್ಬ ಹುಡುಗ ಕೇಳಿದ: "ಭೂಮಿ ಇದ್ದೋರಿಗೆ ಕಂದಾಯ. ಇಲ್ದೋರಿಗೆ?" ಪುಸ್ತಕದಲ್ಲಿ ಅದಿಲ್ಲ ಮರಿ. ಇಲ್ಲದವನ ಲೆಕ್ಕ ಯಾವ ಶಿಸ್ತಿನಲ್ಲೂ ಬರೆದಿಲ್ಲ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳನ್ನು ತೋರಿಸಿದೆವು. ತುರು ಕಾಯುತ್ತ ಸತ್ತವನಿಗೆ ಒಂದು ಕಲ್ಲಾದರೂ ಸಿಕ್ಕಿತು. ಹೆಬ್ಬಾಗಿಲ ಹೊರಗೆ ನಿಂತು ಊರು ಕಾದವನಿಗೆ?

ಅರಮನೆ ಇರಲಿ. ಅಲ್ಲಿಂದ ಹೊರಟು ಬಿ.ಎಚ್. ರಸ್ತೆ ಹಿಡಿದು, ಮಲವಗೊಪ್ಪ ದಾಟಿ, ನಿದಿಗೆ ದಾಟಿ, ಮಾಚೇನಹಳ್ಳಿಯ ಫ್ಯಾಕ್ಟರಿಗಳನ್ನು ದಾಟಿ ಭದ್ರಾವತಿ ಮುಟ್ಟಿದೆವು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹಳೇನಗರದಲ್ಲಿ ಲಕ್ಷ್ಮೀನರಸಿಂಹನ ಗುಡಿ ಇದೆ. ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನದ್ದು, ಮೂರು ಗರ್ಭಗುಡಿಯದು. ನೋಡಿ, ಅವರು ಹೇಳುವ ಅರ್ಥದಲ್ಲೇ ಚರಿತ್ರೆ ಬೇಕಿದ್ದರೂ ಭದ್ರಾವತಿಯಲ್ಲಿ ಅದಿತ್ತು! ಮಕ್ಕಳು ಬಳಪದ ಕಲ್ಲಿನ ಗೋಡೆ ಮುಟ್ಟಿ ಮುಟ್ಟಿ ನೋಡಿದರು. ನಾವು ಹೇಳಿದೆವು: ಚೆನ್ನಾಗಿದೆ ಅನ್ನಿಸಿದರೆ ಚೆನ್ನಾಗಿದೆ ಎನ್ನಿ, ನಾಚಿಕೆ ಬೇಡ. ಈ ಕೆತ್ತನೆ ದೇವರು ಮಾಡಿದ್ದಲ್ಲ, ರಾಜ ಮಾಡಿದ್ದೂ ಅಲ್ಲ. ಉಳಿ ಹಿಡಿದ ಕೈ ಮಾಡಿದ್ದು. ಹೊಯ್ಸಳರ ಕೆಲವು ಗುಡಿಗಳಲ್ಲಿ ಶಿಲ್ಪಿ ತನ್ನ ಹೆಸರು ಕೆತ್ತಿಕೊಂಡಿದ್ದಾನೆ. ಅವನಿಗೆ ಅಷ್ಟು ಮಾನ ಇತ್ತು. ಕಲ್ಲು ಬಂಡೆಯಿಂದ ಎಬ್ಬಿಸಿದವನ ಹೆಸರು, ಎಳೆದು ತಂದವನ ಹೆಸರು, ಅವನ ಹೆಂಡತಿ ಮಣ್ಣು ಹೊತ್ತ ಬುಟ್ಟಿಯ ಲೆಕ್ಕ ಎಲ್ಲೂ ಇಲ್ಲ. ಕಟ್ಟುವಾಗ ಒಳಗಿದ್ದವನು ಕಟ್ಟಿ ಮುಗಿದ ಮೇಲೆ ಹೊರಗೆ. ಈ ದೇಶದ ಗುಡಿಗಳ ಚರಿತ್ರೆ ಇಷ್ಟೇ.

ಆದರೆ ನಾವು ಬಂದದ್ದು ಈ ಗುಡಿಗಾಗಿ ಅಲ್ಲ.

*

ನಾವು ಬಂದದ್ದು ಕಾರ್ಖಾನೆಯ ಗೇಟಿಗೆ.

ಗೇಟಿನ ಹತ್ತಿರ ನಮ್ಮ ಹುಡುಗಿಯ ಅಜ್ಜ ಕಾಯುತ್ತಿದ್ದ. ಎಪ್ಪತ್ತೈದು ದಾಟಿದೆ. ಬೀಡಿ ಎಸೆದು, ಮೊಮ್ಮಗಳ ತಲೆ ಸವರಿ, ಗೇಟಿನ ಕಡೆ ಕೈ ತೋರಿಸಿದ. ಒಳಗೆ ಬಿಡುವವರಿಲ್ಲ. ಹೊರಗೇ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಅಲ್ಲೇ ಪಾಠ.

1918ರಲ್ಲಿ ಮೈಸೂರು ಸರ್ಕಾರ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. 1923ರಲ್ಲಿ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬಂತು. ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಬೆಟ್ಟ ಇಳಿದು, ಟ್ರಾಮಿನಲ್ಲಿ ಕಾಡು ದಾಟಿ ಬಂತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕುಲುಮೆಗೆ ಇದ್ದಿಲು. ಇದ್ದಿಲು ಎಂದರೆ ಮರ. ಮರ ಎಂದರೆ ಮಲೆನಾಡಿನ ಕಾಡು. ಕಾಡು ಕಡಿಯಲು, ಗೂಡು ಸುಡಲು, ಅದಿರು ಅಗೆಯಲು ಕೈ ಬೇಕು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಸುತ್ತಲ ಹಳ್ಳಿಗಳ ಕೇರಿಗಳಿಂದ ಜನ ಬಂದರು. ಭದ್ರಾವತಿಯ ಬೀದಿಯಲ್ಲಿ ಇವತ್ತಿಗೂ ನಾಲ್ಕು ಭಾಷೆ ಕೇಳುವುದು ಅದಕ್ಕೇ. ಆಮೇಲೆ ಸಿಮೆಂಟು ಬಂತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಕಾಗದನಗರ ಎದ್ದಿತು. ನಮ್ಮ ಮಕ್ಕಳು ಬರೆದ ನೋಟುಬುಕ್ಕಿನ ಹಾಳೆ ಎಷ್ಟೋ ಇಲ್ಲಿಯದೇ.

ಕಾರ್ಖಾನೆಯ ಮೇಲಿರುವ ಹೆಸರು ವಿಶ್ವೇಶ್ವರಯ್ಯನವರದು. ಅವರ ದುಡಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಮುಳುಗುತ್ತಿದೆ ಎಂದು ಜನ ಆಡಿಕೊಂಡ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದವರು ಅವರು. ಆದರೆ ಪೂರ್ತಿ ಚರಿತ್ರೆ ಹೇಳಿ. ಕಾರ್ಖಾನೆಗೆ ಕೈ ಹಾಕಿದ ಅದೇ 1918ರಲ್ಲಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಜಾತಿವಾರು ಪ್ರಾತಿನಿಧ್ಯ ದಿವಾನರಿಗೆ ಒಪ್ಪಿಗೆಯಿರಲಿಲ್ಲ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಕಬ್ಬಿಣ ಕರಗಿಸಲು ನಮ್ಮ ಕೈ ಬೇಕು; ಕಚೇರಿಯ ಕುರ್ಚಿಯ ವಿಷಯ ಬಂದಾಗ ಮಾತ್ರ ಪ್ರತಿಭೆಯ ಮಾತು! ಈ ಎರಡನ್ನೂ ಒಂದೇ ಪಾಠದಲ್ಲಿ ಹೇಳುವ ಎದೆಗಾರಿಕೆ ಎಷ್ಟು ಜನ ಮೇಷ್ಟ್ರುಗಳಿಗಿದೆ?

ಅಜ್ಜ ಇದನ್ನೆಲ್ಲ ಕೇಳುತ್ತ ಕೂತಿದ್ದ. ಆಮೇಲೆ ತಾನೇ ಮಾತಾಡಿದ.

"ನಮ್ಮಪ್ಪ ಕಾಡಲ್ಲಿ ಇದ್ದಿಲು ಸುಡೋ ಕೆಲ್ಸಕ್ಕೆ ಬಂದೋನು. ಅದಕ್ ಮುಂಚೆ ಊರಲ್ಲಿ ಗೌಡ್ರ ಮನೇಲಿ ಜೀತ. ಹಿತ್ತಲಲ್ಲಿ ಉಣ್ತಿದ್ದ, ತಾನುಂಡ ಎಲೆ ತಾನೇ ತೆಗೀತಿದ್ದ. ನಂಗೆ ಇಲ್ಲಿ ಕೆಲ್ಸ ಸಿಕ್ತು. ಒಂದು ನಂಬರ್ ಕೊಟ್ರು. ತಿಂಗಳಾದ್ರೆ ಸಂಬಳ, ಕೈಗೆ. ಯಾರ ಹಿತ್ತಲಿಗೂ ಹೋಗ್ಬೇಕಿರಲಿಲ್ಲ. ಜಾತಿ ಹೋಯ್ತು ಅಂತಲ್ಲ. ಊರೊಳಗೆ ಬಾಡಿಗೆ ಮನೆ ಕೇಳಿದ್ರೆ ಮೊದ್ಲು ಅದನ್ನೇ ಕೇಳ್ತಿದ್ರು. ಆದ್ರೆ ಸೈರನ್ ಆದ್ಮೇಲೆ ನಾನು ಯಾರ ಆಳೂ ಅಲ್ಲ. ನಮ್ಮಪ್ಪಂಗೆ ಅಂಥ ಒಂದು ಗಳಿಗೆ ಇರ್ಲಿಲ್ಲ."

ಗೆಳೆಯರೇ, ಈ ಮಾತನ್ನು ಎರಡು ಸಲ ಓದಿ. ಸೈರನ್ ಆದ ಮೇಲೆ ನಾನು ಯಾರ ಆಳೂ ಅಲ್ಲ. ನೂರು ಶಾಸನಗಳಿಗಿಂತ ದೊಡ್ಡ ಶಾಸನ ಇದು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರಿಗೆ ಎದುರಾಗಿ, ಹಳ್ಳಿ ಸಂಕುಚಿತತನದ ಗೂಡು ಎಂದು ಹೇಳಿದ್ದು ಯಾಕೆ ಎಂಬುದಕ್ಕೆ ಭದ್ರಾವತಿಯ ಈ ಅಜ್ಜ ಸಾಕ್ಷಿ. ಹೊಲ ಇಲ್ಲದವನಿಗೆ ಸಂಬಳ ಬಂದಾಗ ಬೆನ್ನು ನೆಟ್ಟಗಾಯಿತು. ಬೆನ್ನು ನೆಟ್ಟಗಾದವನ ಮಗ ಕಾಲೇಜಿಗೆ ಹೋದ.

ಆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು ಹರಿಹರದ ಒಬ್ಬ ಮೇಷ್ಟ್ರು, ಪ್ರೊ. ಬಿ. ಕೃಷ್ಣಪ್ಪ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ನಾಡು ಹತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು, ಮಂತ್ರಿಗಿರಿ ಹೋಯಿತು. ಆ ಬೆಂಕಿಯಿಂದ ಎದ್ದವರು ಒಟ್ಟಿಗೆ ಬಂದರು. ದಲಿತ ಸಂಘರ್ಷ ಸಮಿತಿ ಹುಟ್ಟಿತು, ಈ ಭದ್ರಾವತಿಯಲ್ಲಿ. ಕೃಷ್ಣಪ್ಪನವರು ಅದರ ಮೊದಲ ರಾಜ್ಯ ಸಂಚಾಲಕರು. 1976ರಲ್ಲಿ ದಲಿತ ಬರಹಗಾರರು, ಕಲಾವಿದರು ಸೇರಿದ್ದು ಈ ಊರಿನಲ್ಲಿ. ಹೆಂಡದಂಗಡಿ ಬೇಡ, ಭೂಮಿ ಕೊಡಿ, ವಸತಿ ಶಾಲೆ ಕೊಡಿ ಎಂಬ ಕೂಗು ಹಳ್ಳಿ ಹಳ್ಳಿಗೆ ಹೋದದ್ದು ಈ ಸಂಘಟನೆಯಿಂದ. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಿ ಎಂದು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದಿತು. ಅವರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿತು. ಅಷ್ಟಾದರೂ ಬೆತ್ತಲೆ ಸೇವೆ ನಿಂತಿತು. ನಿಲ್ಲಿಸಿದವರು ನಮ್ಮವರು.

ಬೇರೆ ಯಾವ ಊರೂ ಆಗಬಹುದಿತ್ತು. ಭದ್ರಾವತಿಯೇ ಯಾಕೆ? ನಮ್ಮ ಉತ್ತರ ಇದು: ಹಸಿದವನು ಒಡೆಯನ ಅಂಗಳದಲ್ಲಿ ನಿಂತು ಸಂಘ ಕಟ್ಟುವುದು ಕಷ್ಟ. ಕೈಯಲ್ಲಿ ಸಂಬಳ, ತಲೆಯ ಮೇಲೆ ಕ್ವಾರ್ಟರ್ಸಿನ ಸೂರು, ಜೊತೆಗೆ ಯೂನಿಯನ್ನಿನ ಅನುಭವ ಇದ್ದ ಊರಿನಲ್ಲಿ ಅದು ಸಾಧ್ಯವಾಯಿತು. ಕುಲುಮೆಯಲ್ಲಿ ಕಬ್ಬಿಣದ ಜೊತೆ ಇನ್ನೊಂದೂ ಕಾಯುತ್ತಿತ್ತು. ಈಗ ಹೇಳಿ, ಈ ಜಿಲ್ಲೆಯಲ್ಲಿ ಇದಕ್ಕಿಂತ ಐತಿಹಾಸಿಕ ಊರು ಯಾವುದು? ಗೇಣಿದಾರರು ಕೊಳಗದ ಅಳತೆಯ ಅನ್ಯಾಯಕ್ಕೆ ಎದುರು ನಿಂತ 1951ರ ಕಾಗೋಡು ಒಂದಿದೆ. ಅದಾದರೂ ಆ ಚೀಟಿಯಲ್ಲಿ ಇದೆಯೇ? ಇಲ್ಲ. ರಾಜ ಗೆದ್ದ ಊರು ಐತಿಹಾಸಿಕ. ಆಳು ಗೆದ್ದ ಊರು ಬರೀ ಊರು.

*

ಈಗ ನಮ್ಮ ಎದುರಾಳಿಗಳ ಮಾತು ಕೇಳೋಣ. ಅವರೂ ಸುಮ್ಮನಿಲ್ಲ.

"ತುಕ್ಕು ಹಿಡಿದ ಕಾರ್ಖಾನೆಯಲ್ಲಿ ಮಕ್ಕಳಿಗೆ ನೋಡೋಕೆ ಏನಿದೆ ಸ್ವಾಮಿ?" ಎನ್ನುತ್ತಾರೆ. ಮುರಿದ ಗುಡಿಯಲ್ಲಿ ನೋಡಲು ಏನಿದೆಯೋ ಅದೇ ಇದೆ. ಗುಡಿ ಮುರಿದಿದ್ದರೆ ಯಾರು ಮುರಿದರು ಎಂದು ಮಕ್ಕಳಿಗೆ ಹಲ್ಲು ಕಚ್ಚಿ ಹೇಳುತ್ತೀರಿ. ಕಾರ್ಖಾನೆಯನ್ನು ಯಾರು ಮುರಿದರು ಎಂದು ಯಾಕೆ ಹೇಳುವುದಿಲ್ಲ? ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಸೈಲ್‌ನೊಳಗೆ ಸೇರಿತ್ತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತರು. ಹೋರಾಟದ ಕಾವಿಗೆ ಒಂದಿಷ್ಟು ಕೆಲಸ ಮತ್ತೆ ಚಾಲೂ ಆಯಿತು. ಪುನಶ್ಚೇತನ ಎಂಬ ಮಾತು ಮಾತ್ರ ಚುನಾವಣೆಗೊಮ್ಮೆ ಚಿಗುರುತ್ತದೆ, ಆಮೇಲೆ ಒಣಗುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ, ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ. ಸರ್ಕಾರಿ ಕಾರ್ಖಾನೆ ಎಂದರೆ ಮೀಸಲಾತಿ. ಮೀಸಲಾತಿ ಎಂದರೆ ನಮ್ಮ ಮಕ್ಕಳಿಗೆ ಕಾಯಂ ಕೆಲಸ. ಕಾಯಂ ಕೆಲಸ ಕಡಿಮೆ ಮಾಡಿ ಗುತ್ತಿಗೆ ತಂದರೆ, ಗುತ್ತಿಗೆದಾರನ ಪುಸ್ತಕದಲ್ಲಿ ಮೀಸಲಾತಿ ಎಲ್ಲಿದೆ? ಸಂವಿಧಾನದ ಒಂದಕ್ಷರ ತಿದ್ದದೆ, ಯಾರ ಮನಸ್ಸೂ ನೋಯಿಸದೆ, ಸದ್ದಿಲ್ಲದೆ ಬಾಗಿಲು ಹಾಕಿದ ಹಾಗಾಯಿತು. ಅಜ್ಜನಿಗೆ ನಂಬರ್ ಸಿಕ್ಕಿತ್ತು. ಅವನ ಮಗನಿಗೆ ಊರಲ್ಲಿ ಗುತ್ತಿಗೆಯ ಕೂಲಿ ಸಿಕ್ಕಿತು, ಅದೂ ತಪ್ಪಿ ಶಿವಮೊಗ್ಗಕ್ಕೆ ಮೂಟೆ ಹೊರಲು ಬಂದ. ಮೂರನೇ ತಲೆಮಾರಿನ ಹುಡುಗಿ ಒಂಬೈನೂರು ರೂಪಾಯಿಯಿಲ್ಲದೆ ಪ್ರವಾಸ ತಪ್ಪಿಸಿಕೊಂಡಳು. ಈ ಮೂರೂ ಬೇರೆ ಬೇರೆ ಕತೆಗಳಲ್ಲ. ಒಂದೇ ಕತೆಯ ಮೂರು ಪುಟ. ಊರನ್ನು ಪಟ್ಟಿಯಿಂದ ಬಿಡುವುದೂ ಕಾರ್ಖಾನೆಗೆ ಬೀಗ ಹಾಕುವುದೂ ಒಂದೇ ಕೈಯ ಕೆಲಸ. ಮೊದಲು ನಿನ್ನ ಅಜ್ಜ ಗೆದ್ದದ್ದು ಚರಿತ್ರೆಯಲ್ಲ ಎನ್ನುತ್ತಾರೆ. ಆಮೇಲೆ ಅವನು ಗೆದ್ದದ್ದನ್ನು ಕಿತ್ತುಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ.

"ಎಲ್ಲದರಲ್ಲೂ ಜಾತಿ ಹುಡುಕ್ತೀರಿ" ಎಂಬುದು ಇನ್ನೊಂದು ಮಾತು. ನಾವು ಹುಡುಕುವುದಿಲ್ಲ ಸ್ವಾಮಿ, ಎಡವುತ್ತೇವೆ. ದಾರಿಯಲ್ಲಿ ಕಲ್ಲು ಇಟ್ಟವನು ಎಡವಿದವನಿಗೆ, ಯಾಕಯ್ಯ ಕಲ್ಲು ಹುಡುಕ್ತೀಯಾ ಎಂದು ಕೇಳಿದ ಹಾಗಾಯಿತು ಇದು.

"ಕಾಡು ನಾಶ ಮಾಡಿದ ಕಾರ್ಖಾನೆಯನ್ನು ಹೊಗಳುತ್ತೀರಲ್ಲ" ಎಂದು ನಮ್ಮೊಳಗಿನ ಗೆಳೆಯರೇ ಕೆಲವರು ಕೇಳಿದರು. ಈ ಮಾತಿಗೆ ಮರ್ಯಾದೆ ಕೊಡಬೇಕು. ಹೌದು, ಕಾಡು ಬೆಂದಿತು. ಕಾಡು ನಂಬಿದ ಜನ ಬೀದಿಗೆ ಬಿದ್ದರು. ಕುಲುಮೆಯ ಮುಂದೆ ನಮ್ಮವರ ಎದೆ ಒಣಗಿತು. ಕಾರ್ಖಾನೆಯನ್ನು ಗುಡಿ ಮಾಡಿ ಪೂಜೆ ಮಾಡಿ ಎಂದು ನಾವು ಹೇಳುತ್ತಿಲ್ಲ. ಅದನ್ನೂ ಮಕ್ಕಳಿಗೆ ಹೇಳಿ. ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಲೆಕ್ಕ ಮಾಡಿಸಿ. ಚರಿತ್ರೆ ಎಂದರೆ ಹೊಗಳಿಕೆ ಎಂದು ಅವರು ತಿಳಿದಿದ್ದಾರೆ. ನಾವೂ ಹಾಗೇ ತಿಳಿದರೆ ನಮಗೂ ಅವರಿಗೂ ವ್ಯತ್ಯಾಸವೇನು?

*

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಬೇಡಿಕೆ ದೊಡ್ಡದಲ್ಲ.

ಪ್ರವಾಸ ಮಾಡಿಸಿ. ದುಡ್ಡಿದ್ದ ಮಕ್ಕಳಿಗೆ ಮಾತ್ರ ಬಾಗಿಲು ತೆರೆಯುವ ಪ್ರವಾಸ ಬೇಡ. ಒಂದು ಮಗು ಮನೆಯಲ್ಲಿ ಉಳಿಯುವುದಾದರೆ ಬಸ್ಸೇ ಹೊರಡುವುದು ಬೇಡ. ದೂರ ಕಡಿಮೆ ಮಾಡಿ, ಬಾಡಿಗೆ ಬಸ್ಸು ಬಿಡಿ, ಲೈನ್ ಬಸ್ಸು ಹತ್ತಿ, ಬುತ್ತಿ ಕಟ್ಟಿ. ಬಳ್ಳಿಗಾವಿಗೂ ಹೋಗಿ, ಹೋದರೆ ಕೋಡಿಯ ಮಠದ ಶಾಸನ ಏನು ಹೇಳುತ್ತದೆ ಎಂದು ಹೇಳಿ, ಬುದ್ಧ ವಿಹಾರದ ಮಾತು ಹೇಳಿ. ಅಲ್ಲಮ ಯಾವ ದೊಡ್ಡವರಿಗೂ ಹೆದರಲಿಲ್ಲ ಎಂದು ಹೇಳಿ. ಭದ್ರಾವತಿಗೂ ಬನ್ನಿ. ಯಾವ ಊರಿಗೆ ಹೋದರೂ ಮಕ್ಕಳ ಕೈಯಲ್ಲಿ ಮೂರು ಪ್ರಶ್ನೆ ಬರೆಸಿ: ಇದನ್ನು ಕಟ್ಟಿದ ಕೈ ಯಾರದು? ಕಟ್ಟಿದ ಮೇಲೆ ಅವರನ್ನು ಎಲ್ಲಿ ನಿಲ್ಲಿಸಿದರು? ಅವರ ಮಕ್ಕಳು ಈಗ ಎಲ್ಲಿದ್ದಾರೆ? ಇದಕ್ಕೆ ಗೈಡ್ ಬೇಕಿಲ್ಲ. ಊರಿನ ಒಬ್ಬ ಮುದುಕನನ್ನು ಕೂರಿಸಿಕೊಂಡು ಒಂದು ಬೀಡಿ ಕೊಟ್ಟರೆ ಸಾಕು.

ಸಂಘಟನೆಯ ಗೆಳೆಯರಿಗೂ ಒಂದು ಕಹಿ ಮಾತು. ಕೃಷ್ಣಪ್ಪನವರು 1997ರಲ್ಲಿ ಹೋದರು. ಅವರು ಕಟ್ಟಿದ್ದು ಒಂದು. ಈಗ ಇರುವ ಬಣಗಳನ್ನು ಎಣಿಸಲು ನಮ್ಮ ಎರಡೂ ಕೈಯ ಬೆರಳು ಮಡಿಸಬೇಕು. ಪಟ್ಟಿಯಿಂದ ನಮ್ಮ ಊರನ್ನು ಅವರು ಬಿಟ್ಟರು, ನಿಜ. ನಾವಾದರ��� ನಮ್ಮ ಮಕ್ಕಳನ್ನು ಎಷ್ಟು ಸಲ ಅಲ್ಲಿಗೆ ಕರೆದುಕೊಂಡು ಹೋದೆವು? ಏಪ್ರಿಲ್ ಹದಿನಾಲ್ಕಕ್ಕೆ ಡಿಜೆ ಹಾಕಿಸಲು ಚಂದಾ ಎತ್ತುತ್ತೇವೆ. ಹನ್ನೆರಡು ಮಕ್ಕಳ ಬಸ್ ಟಿಕೆಟ್ಟಿಗೆ ಒಂದು ಹುಡುಗಿ ಕೇಳುವ ತನಕ ನಮಗೂ ನೆನಪಾಗಲಿಲ್ಲ.

ಸಂಜೆ ವಾಪಸು ಬರುವಾಗ ಬಸ್ಸು ತುಂಬಿತ್ತು. ಹುಡುಗಿ ಅವ್ವನ ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ಅಲುಗಾಡುವ ಬಸ್ಸಿನಲ್ಲೇ ಬರೆಯುತ್ತಿದ್ದಳು. ಏನು ಬರೀತಿದೀಯ ಎಂದೆವು. ತೋರಿಸಿದಳು. 'ನಾನು ನೋಡಿದ ಐತಿಹಾಸಿಕ ಸ್ಥಳ: ಭದ್ರಾವತಿ' ಎಂದು ತಲೆಬರಹ. ಕೆಳಗೆ ಅಜ್ಜನ ಹೆಸರು, ಅವನ ನಂಬರು. ಅದರ ಕೆಳಗೆ ಅಜ್ಜನ ಅಪ್ಪನ ಹೆಸರು. ಅದಕ್ಕಿಂತ ಹಿಂದಿನದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಗೆರೆ ಎಳೆದು ಜಾಗ ಬಿಟ್ಟಿದ್ದಳು.

"ಇದನ್ನ ಸೋಮವಾರ ಶಾಲೇಲಿ ಓದ್ತೀನಿ ಸಾರ್," ಅಂದಳು. "ಓದೋಕೆ ಬಿಡ್ತಾರಾ?"

ಮೇಷ್ಟ್ರೇ, ಬಿಡುತ್ತೀರಾ?